ದಣಪೆಗೆ ಬಿದ್ದ ಗಳ

ವಿಶ್ವಶಾಂತಿ ನಮ್ಮ ಮನೆ ಬಾಗಿಲಿಗೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ನಾನು ದೋಸೆ ಹೊಯ್ಯುತ್ತಿದ್ದಾಗ. ಶಿಕಾರಿಪುರದ ನಮ್ಮ ಓಣಿಯಲ್ಲಿ ಕಾರು ನಿಂತಿತೆಂದರೆ ಒಂದೋ ವಿಮೆ ಮಾಡಿಸುವವರು, ಇಲ್ಲ ಮದುವೆಗೆ ಕರೆಯುವವರು. ಇವರು ಎರಡೂ ಅಲ್ಲ. ಖಾದಿ ಜುಬ್ಬಾದ ಒಬ್ಬ ಗಂಡಸು, ಹತ್ತಿ ಸೀರೆಯ ಒಬ್ಬ ಹೆಂಗಸು. ಹೆಂಗಸೇ ಮಾತು ತೆಗೆದರು.

"ಕುಪ್ಪಗಡ್ಡೆ ಅಮ್ಮನ ಮಗಳು ನೀವೇ ಅಲ್ಲವಾ ಮೇಡಂ?"

"ಮಗಳಲ್ಲ ರೀ. ಅವರು ನನಗೆ ದೊಡ್ಡಮ್ಮ. ಅಪ್ಪನ ಅಣ್ಣನ ಹೆಂಡತಿ. ಏನಾಗಬೇಕಿತ್ತು?"

ತಮ್ಮದು ವಿಶ್ವಶಾಂತಿಗೆ, ಮಾನವ ಹಕ್ಕುಗಳಿಗೆ ದುಡಿಯುವ ಸಂಸ್ಥೆ ಎಂದರು. ಪ್ರತಿ ವರ್ಷ ಡಿಸೆಂಬರಿನಲ್ಲಿ, ಮಾನವ ಹಕ್ಕುಗಳ ದಿನಕ್ಕೆ, ಯಾರ ಕಣ್ಣಿಗೂ ಬೀಳದೆ ಊರಲ್ಲಿ ಶಾಂತಿ ಕಟ್ಟಿದ ಒಬ್ಬರನ್ನು ಹುಡುಕಿ ಪ್ರಶಸ್ತಿ ಕೊಡುತ್ತಾರಂತೆ. ಈ ಸಲದ ಸಮಾರಂಭ ಶಿಕಾರಿಪುರದಲ್ಲಿ. ಹುಡುಕಿದ್ದು ನಮ್ಮ ದೊಡ್ಡಮ್ಮನನ್ನು.

"ನಾವು ಎಷ್ಟು ಕೊಡಬೇಕು?" ಎಂದೆ.

ಆ ಹೆಂಗಸಿನ ಮುಖ ಸಪ್ಪಗಾಯಿತು. "ಏನೂ ಕೊಡಬೇಕಾಗಿಲ್ಲ ಮೇಡಂ. ನಾವೇ ಕಾರು ಕಳಿಸ್ತೀವಿ."

ಕೊಡಬೇಕು ಎಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಇವರು ಯಾವ ಥರದವರೆಂದು ಗೊತ್ತಾಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಬಿಟ್ಟಿ ಎಂದಮೇಲೆ ಅನುಮಾನ ಇಮ್ಮಡಿಯಾಯಿತು. ದೋಸೆ ಸೀದ ವಾಸನೆ ಬಂದರೂ ನಾನು ಅಲ್ಲಿಂದ ಕದಲಲಿಲ್ಲ.

ನನ್ನ ಅನುಮಾನಕ್ಕೆ ಕಾರಣ ಇತ್ತು. ನಮ್ಮ ಊರಿನಲ್ಲಿ ಒಬ್ಬರ ಕಾರಿಗೆ ಕೆಂಪು ಅಕ್ಷರದಲ್ಲಿ 'ಮಾನವ ಹಕ್ಕು' ಎಂಬ ಬೋರ್ಡಿದೆ. ಆ ಬೋರ್ಡಿನ ಬಲದಿಂದ ಕಾರು ನಿಲ್ಲುವುದು ಸೊಪ್ಪು ಮಾರುವ ಹೆಂಗಸರು ಕೂರುವ ಜಾಗದಲ್ಲಿ. ಪಕ್ಕದ ಓಣಿಯವರೊಬ್ಬರು ಎಲ್ಲಿಗೋ ಹೋಗಿ ಶಾಂತಿಗಾಗಿ ಡಾಕ್ಟರೇಟ್ ತಂದು ಗೇಟಿಗೆ ಹೊಸ ಹಲಗೆ ಹಾಕಿಸಿದರು. ಮಾರನೆಯ ವಾರ ತರಕಾರಿ ಅಂಗಡಿಯವಳು, "ಡಾಕ್ಟ್ರೇ, ನನ್ನ ಮಂಡಿನೋವಿಗೆ ಏನು ತಗಳ್ಲಿ ಹೇಳ್ರಿ" ಎಂದು ಎಲ್ಲರೆದುರು ಕೇಳಿದಳು. ಅವರು ಬದನೆಕಾಯಿ ಆರಿಸುತ್ತಲೇ ಇದ್ದರು.

ನನಗೆ ಪದವಿ ಹಾಗೆ ಬಂದದ್ದಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಕುಪ್ಪಗಡ್ಡೆಯಿಂದ ಸೊರಬಕ್ಕೆ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೋದೆ. ಇಂಗ್ಲಿಷ್ ಪೇಪರು ಹೋಯಿತು, ಮತ್ತೆ ಕಟ್ಟಿದೆ. ಹೆಣ್ಣುಹುಡುಗಿಗೆ ಸೊರಬ ಯಾಕೆ ಎಂದು ಅಪ್ಪ ಬಾಗಿಲಲ್ಲಿ ಅಡ್ಡ ನಿಂತಾಗ, "ಹೋಗ್ಲಿ ಬಿಡಾ. ಅವಳ ಪಾಲಿನ ಕೆಲ್ಸ ನಾನ್ ಮಾಡ್ತೀನಿ" ಎಂದವರು ದೊಡ್ಡಮ್ಮ. ಅಷ್ಟೇ ಅಲ್ಲ, ಮಾಡಿದರು ಕೂಡ. ಈಗ ನಾನು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತೇನೆ. ಮಾನವ ಹಕ್ಕುಗಳ ಪಾಠವನ್ನು ವರ್ಷವರ್ಷ ಹೇಳಿ ಬಾಯಿಪಾಠವಾಗಿದೆ.

ಆದ್ದರಿಂದ ಅನುಮಾನದ ಜೊತೆಗೇ ಆಸೆಯೂ ಹುಟ್ಟಿತು. ನಮ್ಮ ಮನೆಯಲ್ಲಿ ಹಾರ ಬಿದ್ದದ್ದು ಫೋಟೋಗಳಿಗೆ ಮಾತ್ರ. ಜೀವ ಇರುವಾಗಲೇ ದೊಡ್ಡಮ್ಮನ ಕೊರಳಿಗೆ ಒಂದು ಬೀಳಲಿ ಎನಿಸಿತು. ಆ ವಾರವೆಲ್ಲ ವಿಚಾರಿಸಿದೆ. ಸಭಾಭವನಕ್ಕೆ ಹೋಗಿ ಕೇಳಿದೆ, ಜಾಗ ಕಾದಿರಿಸಿದ್ದು ನಿಜ. ಹಿಂದಿನ ವರ್ಷ ಪ್ರಶಸ್ತಿ ಪಡೆದವರಿಗೆ ಫೋನು ಮಾಡಿದೆ. ಅವರೊಬ್ಬ ಸೂಲಗಿತ್ತಿ. "ಶಾಲು ಚೆನ್ನಾಗಿತ್ತು ತಾಯಿ, ದುಡ್ಡು ಯಾರೂ ಕೇಳಲಿಲ್ಲ" ಎಂದರು. ಮೋಸವೇನೂ ಸಿಗಲಿಲ್ಲ. ಸಿಗಲಿಲ್ಲವೆಂದೇ ಕಿರಿಕಿರಿ.

ಮುಂದಿನ ಭಾನುವಾರ ಅವರನ್ನು ಕುಪ್ಪಗಡ್ಡೆಗೆ ಕರೆದುಕೊಂಡು ಹೋದೆ. ದೊಡ್ಡಮ್ಮ ಬೆಲ್ಲ ನೀರು ಕೊಟ್ಟು ಕೂರಿಸಿದರು. ಹೆಂಗಸು ಫೋನನ್ನು ಮೊರದ ಮೇಲೆ ಇಟ್ಟು, ಮಾತು ಮುದ್ರಿಸಿಕೊಳ್ಳಲು ಅಣಿಯಾದರು.

"ಅಮ್ಮಾ, ಮೇಲಿನಮನೆಯವರಿಗೂ ಕೆಳಗಿನಮನೆಯವರಿಗೂ ದಾರಿ ಜಗಳ ಆಗಿತ್ತಲ್ಲ, ಅದನ್ನ ನೀವು ಹೇಗೆ ಬಗೆಹರಿಸಿದಿರಿ?"

"ಜಗಳವಾ?" ಎಂದರು ದೊಡ್ಡಮ್ಮ. "ನಮ್ಮೂರಲ್ಲಿ ಎಂತ ಜಗಳ? ಯಾರಿಗೂ ಆಗಿಲ್ಲ."

"ದಾರಿ ಮುಚ್ಚಿದ್ರಲ್ಲಮ್ಮ."

"ಎಂತಕ್ಕೆ ಮುಚ್ತಾರೆ? ಬರುವಾಗ ನೀವೇ ನೋಡಿದ್ರಲ. ಬೆಲ್ಲ ಇನ್ನಷ್ಟು ತಗಳಿ."

ಜುಬ್ಬಾದವರು ಕೇಳಿದರು, "ಅನ್ಯಾಯ ಆಗಿದ್ದು ಯಾರಿಗೆ ಅಂತಲಾದರೂ ಹೇಳಿ. ನಾವು ಸಂತ್ರಸ್ತರ ಹೆಸರು ಬರೆಯಬೇಕಾಗುತ್ತೆ."

"ಬಿಸಿಲಲ್ಲಿ ಬಂದೀರಿ, ನಿಮಗೇ ಆಗಿರೋದು" ಎಂದು ದೊಡ್ಡಮ್ಮ ಎದ್ದು ಅಡುಗೆಮನೆಗೆ ಹೋದರು.

ಜಗಳ ಆಗಿದ್ದು ನಿಜ. ಆ ಎರಡು ಮನೆಯವರು ದಾಯಾದಿಗಳು. ಮೇಲಿನಮನೆಯ ಯಜಮಾನರನ್ನು ನಾನು ಚಿಕ್ಕಪ್ಪ ಎನ್ನುತ್ತೇನೆ, ಅವರ ಅಣ್ಣನ ಮಗನಾದ ಕೆಳಗಿನಮನೆಯವನನ್ನು ಅಣ್ಣ ಎನ್ನುತ್ತೇನೆ. ಅಣ್ಣನ ಗದ್ದೆಗೆ ಹಾದಿ ಇರುವುದು ಚಿಕ್ಕಪ್ಪನ ಜಮೀನಿನ ಅಂಚಿನಲ್ಲಿ. ಅಲ್ಲೊಂದು ದಣಪೆ. ಎರಡು ಕಲ್ಲುಕಂಬ, ಕಂಬಕ್ಕೆ ತೂತು, ತೂತಿನಲ್ಲಿ ಅಡ್ಡಕ್ಕೆ ಹಾಕುವ ಬಿದಿರಿನ ಗಳಗಳು. ಗಳ ಸರಿಸಿದರೆ ಟ್ರ್ಯಾಕ್ಟರು ಹೋಗುತ್ತದೆ, ಹಾಕಿದರೆ ನಿಲ್ಲುತ್ತದೆ. ಅಣ್ಣನ ಮಗಳ ಮದುವೆಯ ಕರೆಯೋಲೆಯಲ್ಲಿ, ಸುಖಾಗಮನ ಬಯಸುವವರ ಸಾಲಿನಲ್ಲಿ, ಚಿಕ್ಕಪ್ಪನ ಹೆಸರು ಬಿಟ್ಟುಹೋಯಿತು. ಪ್ರೆಸ್ಸಿನವರು ಬಿಟ್ಟರೋ, ಇವನೇ ಬಿಡಿಸಿದನೋ, ಇವತ್ತಿಗೂ ಗೊತ್ತಿಲ್ಲ. ಆ ಸುಗ್ಗಿಗೆ ಚಿಕ್ಕಪ್ಪ ದಣಪೆಗೆ ಎಲ್ಲ ಗಳವನ್ನೂ ಹಾಕಿ ತಂತಿ ಸುತ್ತಿದರು. ಕೊಯ್ಯುವ ಯಂತ್ರ ಇಳಿಯದ ತಗ್ಗು ಗದ್ದೆ ಅದು. ಅಣ್ಣ, ಅತ್ತಿಗೆ ಕೆರೆ ಏರಿ ಬಳಸಿಕೊಂಡು ಹೊರೆಗಳನ್ನೆಲ್ಲ ತಲೆಯ ಮೇಲೆ ಹೊತ್ತು ತಂದರು. ಅತ್ತಿಗೆಯ ಕುತ್ತಿಗೆ ಇಂದಿಗೂ ಒಂದು ಕಡೆಗೆ ಪೂರ್ತಿ ತಿರುಗುವುದಿಲ್ಲ.

ನಾನಾಗ ಕಾನೂನು ಹೇಳಿದ್ದೆ. ಹಾದಿಯ ಹಕ್ಕು ಇದೆ, ಕೋರ್ಟಿಗೆ ಹೋದರೆ ಗೆಲ್ಲುತ್ತಾನೆ ಎಂದಿದ್ದೆ. "ಗೆಲ್ತಾನೆ" ಎಂದಿದ್ದರು ದೊಡ್ಡಮ್ಮ. "ಕೋರ್ಟಲ್ಲಿ ಗೆದ್ದವನ ಮನೆಗೆ ಮುಯ್ಯಾಳು ಯಾರು ಬರ್ತಾರೆ?"

ಮುಯ್ಯಾಳು ಎಂದರೆ ಆಳಿಗೆ ಆಳು. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿಯ ಮಾತಿಲ್ಲ. ಮುಯ್ಯಿ ತೀರಿಸದವನ ಮನೆಯ ಕೆಲಸಕ್ಕೆ ಊರಲ್ಲಿ ಯಾರೂ ಹೋಗುವುದಿಲ್ಲ. ಮುಂದಿನ ನಾಟಿಗೆ ದೊಡ್ಡಮ್ಮ ಎರಡೂ ಮನೆಯವರನ್ನು ತಮ್ಮ ಗದ್ದೆಗೆ ಕರೆದರು. ಇಬ್ಬರೂ ಬಂದರು, ಒಬ್ಬರ ಮುಖ ಒಬ್ಬರು ನೋಡದೆ ನೆಟ್ಟು ಹೋದರು. ಈಗ ಎರಡೂ ಮನೆಗೆ ದೊಡ್ಡಮ್ಮನ ಮುಯ್ಯಿ ಬಾಕಿ. ಅವರು ಸೊಂಟ ಹಿಡಿದುಕೊಂಡು ಚಿಕ್ಕಪ್ಪನ ಮನೆಗೆ ಹೋಗಿ, "ಮೈದುನ್ರೇ, ನನಗೆ ಬಗ್ಗಾಕಾಗದಿಲ್ಲ. ಕೆಳಗಿನಮನೆಗೆ ನನ್ನ ಮುಯ್ಯಿ ನೀವು ತೀರಿಸಿಬಿಡಿ" ಎಂದರು. ಕೆಳಗಿನಮನೆಗೆ ಹೋಗಿ ಅದೇ ಸೊಂಟ ಹಿಡಿದುಕೊಂಡು ಮೇಲಿನಮನೆಯ ಮುಯ್ಯಿ ಒಪ್ಪಿಸಿದರು. ಅತ್ತಿಗೆಯಾದ ದೊಡ್ಡಮ್ಮನ ಹೆಸರಿನ ಕೆಲಸ, ಇಲ್ಲ ಎನ್ನಲು ಚಿಕ್ಕಪ್ಪನಿಗೆ ಬಾಯಿ ಬರಲಿಲ್ಲ. ಅಣ್ಣನ ಗದ್ದೆಗೆ ಹೋಗಬೇಕೆಂದರೆ, ಕೆರೆ ಏರಿ ಬಳಸದಿದ್ದರೆ, ಅವರಿಗೂ ಇದ್ದದ್ದು ಅದೇ ಹಾದಿ. ತಾವೇ ಸುತ್ತಿದ ತಂತಿ ತಾವೇ ಬಿಚ್ಚಿ, ಗಳ ಸರಿಸಿ, ಇಳಿದರು. ಮತ್ತೆ ಯಾರೂ ಹಾಕಲಿಲ್ಲ. ಯಾರೂ ಆ ಮಾತು ಎತ್ತಲಿಲ್ಲ. ಎತ್ತದಿರುವುದೇ ರಾಜಿ.

ನಾನು ಅಡುಗೆಮನೆಗೆ ಹೋದೆ. ದೊಡ್ಡಮ್ಮ ಅವಲಕ್ಕಿ ಪೊಟ್ಟಣ ಕಟ್ಟುತ್ತಿದ್ದರು.

"ಯಾರ್ ಹೇಳಿದ್ದೇ ಇವರಿಗೆ?"

"ನಾನಲ್ಲ."

"ನೀನು ಅಂತ ನಾನೆಲ್ಲಿ ಅಂದೆ" ಎಂದರು. ಆದರೆ ನನ್ನ ಮುಖವನ್ನು ಅಗತ್ಯಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದರು. "ಅವ್ರನ್ನ ಕಳಿಸು ಮಾರಾಯ್ತಿ. ಅವರ ಹಾರ ಅವರ ಹತ್ರ ಇರ್ಲಿ."

ಬಂದವರಿಗೆ ಮುಖಕ್ಕೆ ಹೊಡೆದಂತೆ ಇಲ್ಲ ಎನ್ನುವುದು ನಮ್ಮಲ್ಲಿಲ್ಲ. ಹೆಂಗಸಿಗೆ ಕುಂಕುಮ ಕೊಟ್ಟು, ತೆಂಗಿನಕಾಯಿ ಕೊಟ್ಟು, ಅವಲಕ್ಕಿ ಕೊಟ್ಟು ಕಾರಿನವರೆಗೆ ಹೋಗಿ ಕಳಿಸಿದರು. ತೆಂಗಿನಕಾಯಿ ಕೈಗೆ ಬಂದಮೇಲೆ ಒಪ್ಪಿಗೆ ಸಿಕ್ಕಿತೆಂದು ಅವರು ತಿಳಿದರು. ನಾನೂ ತಿದ್ದಲಿಲ್ಲ. ಇನ್ನೊಂದು ಸಲ ಕೇಳಿದರೆ ದೊಡ್ಡಮ್ಮ ಒಪ್ಪಿಯಾರು ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ.

ಸಮಾರಂಭಕ್ಕೆ ಇನ್ನು ಕೆಲವೇ ದಿನ ಇದ್ದಾಗ ಕೆಳಗಿನಮನೆ ಅಣ್ಣನ ಫೋನು ಬಂತು.

"ಬಸ್ ಸ್ಟ್ಯಾಂಡಲ್ಲಿ ಫ್ಲೆಕ್ಸ್ ಬಿದ್ದದೆ, ನೋಡಿದ್ಯಾ?"

"ಇಲ್ಲ. ಎಂತ ಫ್ಲೆಕ್ಸು?"

"ದೊಡ್ಡಮ್ಮನ ಫೋಟೋ. ಮುಚ್ಚಿದ ಹಾದಿ ತೆರೆಸಿದ ಶಾಂತಿದೂತೆ ಅಂತ ಬರ್ದಿದಾರೆ. ಹಿಂದೆ ಪಾರಿವಾಳ ಬೇರೆ." ಜೊತೆಗೇ ಸೇರಿಸಿದ, "ದಣಪೆಗೂ ಒಂದು ಗಳ ಬಿದ್ದದೆ."

ಒಂದೇ ಗಳ, ಎಲ್ಲಕ್ಕಿಂತ ಕೆಳಗಿನ ತೂತಿಗೆ. ದನ ದಾಟಬಹುದು, ಮನುಷ್ಯ ದಾಟಬಹುದು, ಟ್ರ್ಯಾಕ್ಟರು ದಾಟದು. ಅಣ್ಣನ ಗದ್ದೆಯ ಕೊಯ್ಲು ಸಮಾರಂಭದ ಮಾರನೆಯ ದಿನ. ಚಿಕ್ಕಪ್ಪನ ಕೊಯ್ಲಿಗೆ ಅಣ್ಣ ಆಗಲೇ ಹೋಗಿಬಂದಿದ್ದ. ಈಗ ತೀರಿಸಬೇಕಾದವರು ಚಿಕ್ಕಪ್ಪ.

ಆ ಸಂಜೆಯೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಯಾರು ಹೇಳಿರಬಹುದೆಂದು ಯೋಚಿಸಿ, ಅಣ್ಣನೇ ಎಂದು ತೀರ್ಮಾನ ಮಾಡಿಕೊಂಡಿದ್ದೆ. ಅನ್ಯಾಯ ಆದದ್ದು ಅವನಿಗೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಿರಲಿಕ್ಕಿಲ್ಲ. ಕಣದಲ್ಲಿ ನಿಂತಿದ್ದವನನ್ನು ನೇರ ಕೇಳಿಯೇಬಿಟ್ಟೆ. ಅವನು ನಕ್ಕ.

"ನಾನು ನೀನು ಅಂದ್ಕಂಡಿದ್ದೆ. ಓದಿದವಳು ನೀನು. ಮೈಕು, ಸ್ಟೇಜು ಎಲ್ಲ ನಿಮಗೇ ತಾನೇ ಬೇಕಾಗಿರೋದು?"

"ನನಗೆ ಬೇಕಾಗಿದ್ರೆ ನನ್ನ ಹೆಸರು ಹೇಳ್ತಿದ್ದೆ."

"ಹಂಗಾರೆ ಯಾರು?" ಎಂದು ದಣಪೆಯ ಕಡೆ ನೋಡಿದ. "ಯಾರಾದ್ರೂ ಆಗ್ಲಿ. ಅವರು ಹಾಕಿದ ಗಳ ನಾನು ಮುಟ್ಟಲ್ಲ. ಈ ಸಲ ತಹಶೀಲ್ದಾರ್ ಹತ್ರ ಹೋಗದೇ. ಸರ್ವೆ ಆಗ್ಲಿ, ಕಲ್ಲು ಬೀಳ್ಲಿ. ತಲೆ ಮೇಲೆ ಹೊತ್ತಿದ್ದು ಒಂದ್ಸಲ ಸಾಕು."

ಅಲ್ಲಿಯೇ ನಿಂತು ಸಂಸ್ಥೆಯ ಹೆಂಗಸಿಗೆ ಫೋನು ಮಾಡಿ, ಫ್ಲೆಕ್ಸಿನಿಂದ ಆದದ್ದನ್ನು ಹೇಳಿ, ನಿಮಗೆ ಈ ವಿಷಯ ಹೇಳಿದವರು ಯಾರು ಎಂದು ಕೇಳಿದೆ. ಅವರು ಮುಚ್ಚಿಡಲಿಲ್ಲ.

"ಮೇಲಿನಮನೆಯ ಹಿರಿಯರೇ ಮೇಡಂ. ಶಿರಾಳಕೊಪ್ಪದ ಸಂತೆ ದಿನ ನಾವು ಒಂದು ಸಣ್ಣ ಸಭೆ ಮಾಡಿದ್ದೆವು. ಸಭೆ ಮುಗಿದ ಮೇಲೆ ಬಂದು, ನನ್ನ ಜಮೀನಲ್ಲಿ ನಾನೇ ದಾರಿ ಬಿಟ್ಟುಕೊಟ್ಟಿದೀನಿ, ನಿಮ್ಮ ಪ್ರಶಸ್ತಿ ಅಂಥವರಿಗೂ ಉಂಟಾ ಅಂತ ಕೇಳಿದರು. ನಾವು ಊರಲ್ಲಿ ವಿಚಾರಿಸಿದೆವು. ಎಲ್ಲರೂ ಅಮ್ಮನ ಹೆಸರು ಹೇಳಿದರು. ಆ ಬರಹ ಇಷ್ಟು ನೋವು ಮಾಡುತ್ತೆ ಅಂತ ನಮಗೆ ತಿಳೀಲಿಲ್ಲ. ಫ್ಲೆಕ್ಸ್ ಈಗಲೇ ತೆಗೆಸಲಾ?"

ಇಡೀ ವಾರ ಕಳ್ಳರೆಂದುಕೊಂಡಿದ್ದವರು ನೇರವಾಗಿದ್ದರು. ತೆಗೆಸಿದರೂ ಓದಿದವರು ಓದಿಯಾಗಿತ್ತು.

ದೊಡ್ಡಮ್ಮನಿಗೆ ಹೇಳಿದೆ. ಅವರು ಬೆರಗಾಗಲಿಲ್ಲ.

"ಪಾಪ" ಎಂದರು. "ಮದುವೆ ಕರೆಯೋಲೇಲೂ ಹೆಸರು ಬರ್ಲಿಲ್ಲ. ಇದ್ರಲ್ಲೂ ಬರ್ಲಿಲ್ಲ."

"ಪಾಪವಾ? ಗಳ ಹಾಕಿದಾರೆ ದೊಡ್ಡಮ್ಮ. ಅವರೇ ದಾರಿ ಬಿಟ್ಟರು ಅಂತ ವೇದಿಕೆ ಮೇಲೆ ನೀವು ಹೇಳಿಬಿಡಿ, ಮುಗೀತು."

"ಬಿಟ್ಟರು ಅಂದ್ರೆ ಕೆಳಗಿನಮನೆಯವನು ಕೂಗ್ತಾನೆ, ಭಿಕ್ಷೆಯಾ ಅಂತ. ಮುಚ್ಚಿದ್ರು ಅಂದ್ರೆ ಅವರು ಕೂಗ್ತಾರೆ. ಯಾವ ಮಾತು ಆಡಿದ್ರೂ ಒಂದು ಮನೆ ಸೋಲ್ತದೆ. ಅದಕ್ಕೇ ಅಲ್ದನೇ ನಾನು ಬಾಯಿ ಬಿಡದಿರೋದು." ಎಲೆಗೆ ಸುಣ್ಣ ಸವರಿ ಮಡಿಸಿದರು. "ನಾನು ಹೋಗ್ತೀನಿ ಆ ಸಭೆಗೆ. ಅವರ ಕಾರು ಬ್ಯಾಡ. ಕೆಳಗಿನಮನೆಯವನ ಓಮ್ನಿ ಇದ್ಯಲ."

ಮಾರನೆಯ ಬೆಳಿಗ್ಗೆ ಮತ್ತೆ ಸೊಂಟ ಹಿಡಿದುಕೊಂಡು ಮೇಲಿನಮನೆಗೆ ಹೋದರು. ವೇದಿಕೆಯ ಮೆಟ್ಟಿಲು ಹತ್ತಲು ಕೈ ಹಿಡಿಯುವ ಗಂಡಸು ಬೇಕು, ಬನ್ನಿ ಮೈದುನ್ರೇ ಎಂದರು. ಸಮಾರಂಭದ ದಿನ ಚಿಕ್ಕಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು ಸಮಯಕ್ಕೆ ಮುಂಚೆಯೇ ಬಂದು ನಿಂತರು. ಅಣ್ಣ ಓಮ್ನಿ ಓಡಿಸಿದ. ಪಕ್ಕದಲ್ಲಿ ಚಿಕ್ಕಪ್ಪ, ಹಿಂದೆ ನಾನು, ದೊಡ್ಡಮ್ಮ. ಶಿಕಾರಿಪುರ ಮುಟ್ಟುವವರೆಗೆ ಓಮ್ನಿಯಲ್ಲಿ ಮಾತಾಡಿದ್ದು ದೊಡ್ಡಮ್ಮ ಒಬ್ಬರೇ, ಅದೂ ಅಂಬ್ಲಿಗೊಳ ಅಣೆಕಟ್ಟಿನ ನೀರಿನ ಬಗ್ಗೆ. ಚಿಕ್ಕಪ್ಪ ಆಗಾಗ ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದರು. ಇವರು ವೇದಿಕೆಯ ಮೇಲೆ ಏನು ಮಾಡಿಬಿಡುವರೋ ಎಂದು ನನ್ನ ಕಣ್ಣೆಲ್ಲ ಆ ಮೀಸೆಯ ಮೇಲೆ.

ಅಣ್ಣ ಒಳಗೆ ಬರಲಿಲ್ಲ, ವಾಹನ ಕಾಯುತ್ತೇನೆಂದು ಹೊರಗೇ ಉಳಿದ. ದೊಡ್ಡಮ್ಮನ ಹೆಸರು ಕರೆದಾಗ ಚಿಕ್ಕಪ್ಪ ಕೈ ಹಿಡಿದು ಹತ್ತಿಸಿದರು. ಹತ್ತಿಸಿದವರು ಇಳಿಯಲಿಲ್ಲ, ಕುರ್ಚಿಯ ಹಿಂದೆ ನೆಟ್ಟಗೆ ನಿಂತರು. ಹಾರ ಬಿತ್ತು, ಶಾಲು ಬಿತ್ತು. ದೊಡ್ಡಮ್ಮನ ಕೊರಳಿಗೆ ಹಾರ ಬಿದ್ದಾಗ ನನ್ನ ಕಣ್ಣಲ್ಲಿ ನೀರು ಬಂತು, ಅದನ್ನು ಇಲ್ಲ ಎನ್ನುವುದಿಲ್ಲ. ನಿರೂಪಕಿ ಮೈಕು ಹಿಡಿದು ಕೇಳಿದಳು.

"ಅಮ್ಮಾ, ಆ ಹಾದಿ ತೆರೆದ ಕಥೆಯನ್ನ ನಿಮ್ಮ ಮಾತಿನಲ್ಲೇ ಹೇಳಿ."

ದೊಡ್ಡಮ್ಮ ಮೈಕನ್ನೊಮ್ಮೆ, ಸಭೆಯನ್ನೊಮ್ಮೆ ನೋಡಿದರು.

"ನಾಳೆ ಕೆಳಗಿನಮನೆ ಕೊಯ್ಲು" ಎಂದರು. "ಇವರೂ ಬರಬೇಕು, ಮುಯ್ಯಿ ಅದೆ. ಬೇಗ ಬಿಡ್ರಿ ನಮ್ಮನ್ನ, ಊರು ದೂರ."

ಸಭೆ ನಕ್ಕಿತು. ನಿರೂಪಕಿ ಏನು ಮಾಡಬೇಕೆಂದು ತಿಳಿಯದೆ ಮೈಕನ್ನು ಹಿಂದೆ ನಿಂತಿದ್ದ ಚಿಕ್ಕಪ್ಪನ ಮುಂದೆ ಹಿಡಿದಳು. ಒಂದು ಮಾತು, ದಾರಿ ಬಿಟ್ಟೆ ಎಂದರೂ ಸಾಕು, ಹೊರಗೆ ಓಮ್ನಿಯ ಬಳಿ ನಿಂತವನ ಕಿವಿಗೂ ಧ್ವನಿವರ್ಧಕದಲ್ಲಿ ಬೀಳುತ್ತಿತ್ತು. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು. ಬಹಳ ದಿನದಿಂದ ಒಳಗೆ ಕಟ್ಟಿಟ್ಟಿದ್ದ ಭಾಷಣ ಅವರ ಮುಖದ ಮೇಲೆ ಬಂದು ನಿಂತದ್ದು ಕಾಣುತ್ತಿತ್ತು. ದೊಡ್ಡಮ್ಮ ಹಿಂತಿರುಗಿ ನೋಡಲಿಲ್ಲ.

"ಹೌದು" ಎಂದರು ಚಿಕ್ಕಪ್ಪ. "ಕುಡುಗೋಲು ಇನ್ನೂ ಹದ ಮಾಡಿಸ್ಬೇಕು ಮಾರಾಯ್ರೆ."

ಏನೂ ಅರ್ಥವಾಗದಿದ್ದರೂ ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯನ್ನು ಚಿಕ್ಕಪ್ಪ ಪೂರ್ತಿ ನಿಲ್ಲುವವರೆಗೆ ಕೈಮುಗಿದು ಕೇಳಿಸಿಕೊಂಡರು.

ನಾನೂ ಅವರ ಜೊತೆಯಲ್ಲೇ ಕುಪ್ಪಗಡ್ಡೆಗೆ ಹಿಂತಿರುಗಿ, ಮಾರನೆಯ ದಿನ ರಜೆ ಹಾಕಿ ಅಲ್ಲೇ ಉಳಿದೆ. ಚಿಕ್ಕಪ್ಪ ಬರುವುದಿಲ್ಲ ಎಂದೇ ನನ್ನ ಅಂದಾಜು. ಆದರೆ ಇಬ್ಬನಿ ಆರುವ ಹೊತ್ತಿಗೆ ಬಂದರು, ಗಳವನ್ನು ದಾಟಿ ಕಾಲೆತ್ತಿಟ್ಟು ಇಳಿದು, ಎಲ್ಲರ ಸಾಲಿನಲ್ಲಿ ನಿಂತು ಕೊಯ್ದರು. ಗಳ ಅಲ್ಲೇ ಇತ್ತು. ಮುಯ್ಯಿ ತೀರಿತು, ಹಾದಿ ಬಿಡಲಿಲ್ಲ ಎಂದು ಅದು ಹೇಳಿದಂತಿತ್ತು.

ಮಧ್ಯಾಹ್ನ ಹೊರೆ ಸಾಗಿಸಲು ಟ್ರ್ಯಾಕ್ಟರು ಬಂತು. ದಣಪೆಯ ಮುಂದೆ ನಿಂತಿತು. ಎಂಜಿನ್ನು ಗುಡುಗುಡು ಎನ್ನುತ್ತಲೇ ಇದೆ, ಅಣ್ಣ ಇಳಿಯುವುದಿಲ್ಲ. ಗದ್ದೆಯಲ್ಲಿದ್ದವರೆಲ್ಲ ಬಗ್ಗಿಕೊಂಡೇ ಇದ್ದಾರೆ, ಯಾರೂ ಆ ಕಡೆ ನೋಡುವುದಿಲ್ಲ. ನಾನೇ ಹೋಗಿ ತೆಗೆಯೋಣವೆಂದು ಹೆಜ್ಜೆ ಎತ್ತಿದೆ. ದೊಡ್ಡಮ್ಮ ನನ್ನ ಸೆರಗು ಹಿಡಿದು ಎಳೆದರು.

"ನಿನ್ನದಲ್ಲ ಅದು. ನೀ ಹೊರೆ ಕಟ್ಟು."

ಚಿಕ್ಕಪ್ಪ ಒಂದು ಹೊರೆಯನ್ನು ಬಿಗಿದು, ತಲೆಯ ಮೇಲೇರಿಸಿಕೊಂಡು ದಣಪೆಯವರೆಗೆ ನಡೆದರು. ಅಲ್ಲಿ ಹೊರೆ ಇಳಿಸಿ, ಗಳವನ್ನು ಅದೇ ಮೊದಲ ಸಲ ಕಂಡವರಂತೆ ನೋಡಿದರು.

"ಇದ್ಯಾರು ಹಾಕಿದ್ದು?" ಎಂದು ಗಟ್ಟಿಯಾಗಿ ಕೇಳಿದರು.

ಅಣ್ಣ ಸ್ಟೀರಿಂಗಿನ ಮೇಲೆ ಕೈಯಿಟ್ಟು ಅವರನ್ನೇ ನೋಡಿದ. ಆಮೇಲೆ ಹೇಳಿದ, "ಯಾರೋ ದನಕ್ಕೆ ಅಂತ ಹಾಕಿರ್ಬೇಕು ಚಿಕ್ಕಪ್ಪ."

"ದನವೇ" ಎಂದರು ದೊಡ್ಡಮ್ಮ, ಗದ್ದೆಯಿಂದಲೇ. "ಬಾಳ ಕಾಟ ಈ ವರ್ಷ."

"ಹಾಕಿದ್ರೆ ತೆಗೀಬೇಕಲ, ಬುದ್ಧಿ ಇಲ್ಲದವರು" ಎಂದು ಬೈದುಕೊಳ್ಳುತ್ತ ಚಿಕ್ಕಪ್ಪ ಗಳ ಎಳೆದರು. ಟ್ರ್ಯಾಕ್ಟರು ಒಳಗೆ ಬಂತು. ಕತ್ತಲಾಗುವುದರೊಳಗೆ ಹೊರೆಗಳೆಲ್ಲ ಕಣ ಸೇರಿದವು. ಅತ್ತಿಗೆ ಆ ದಿನ ತಲೆಯ ಮೇಲೆ ಹೊತ್ತದ್ದು ನಮ್ಮೆಲ್ಲರ ಊಟದ ಬುಟ್ಟಿಯನ್ನು ಮಾತ್ರ.

ಇದಕ್ಕೆ ಏನೆನ್ನಬೇಕೋ ನನಗೆ ತಿಳಿಯದು. ಹಕ್ಕು ಎಂದರೆ ಗಟ್ಟಿಯಾಗಿ ಕೇಳಬೇಕಾದ್ದು ಎಂದು ತರಗತಿಯಲ್ಲಿ ಹೇಳುವವಳು ನಾನು. ಯಾರೂ ಬಾಯಿಬಿಡದಿದ್ದರೆ ಮಾತ್ರ ಉಳಿಯುವ ಹಕ್ಕು ಎಂಥದ್ದು ಎಂದು ಹುಡುಗಿಯೊಬ್ಬಳು ಎದ್ದು ಕೇಳಿದರೆ ನಾನು ಪಾಠದ ಮುಂದಿನ ಪುಟ ತಿರುಗಿಸಬೇಕಾದೀತು. ಹೊರೆ ಹೊತ್ತ ಕುತ್ತಿಗೆಗೆ ಯಾರೂ ತಪ್ಪಾಯಿತು ಎನ್ನಲಿಲ್ಲ, ಅದೂ ನೆನಪಿದೆ. ಆದರೆ ಆ ಸಂಜೆ ಒಂದೇ ಚಾಪೆಯ ಮೇಲೆ ಚಿಕ್ಕಪ್ಪನೂ ಅಣ್ಣನೂ ಉಂಡರು. ಉಪ್ಪಿನಕಾಯಿ ಭರಣಿ ಇವರಿಂದ ಅವರಿಗೆ ಹೋಯಿತು.

ಚಿಕ್ಕಪ್ಪ ಎಳೆದ ಗಳವನ್ನು ಮನೆಗೆ ಒಯ್ಯಲಿಲ್ಲ, ಮುರಿದು ಒಲೆಗೂ ಹಾಕಲಿಲ್ಲ. ದಣಪೆಯ ಪಕ್ಕದ ಮತ್ತಿಮರಕ್ಕೆ ಒರಗಿಸಿದ್ದಾರೆ, ಕೈ ಚಾಚಿದರೆ ಸಿಗುವಂತೆ. ಊರಿಗೆ ಹೋದಾಗಲೆಲ್ಲ ಬಸ್ಸಿಳಿದು ದೊಡ್ಡಮ್ಮನ ಮನೆಗೆ ಹೋಗುವ ಮೊದಲು ನಾನು ಆ ಕಡೆ ಒಂದು ಸುತ್ತು ಹಾಕಿ ಬರುತ್ತೇನೆ. ಅಲ್ಲೇ ಇರುತ್ತದೆ. ಒರಗಿಸಿದ ಕೋನ ಸ್ವಲ್ಪ ಬದಲಾದಂತೆ ಕಂಡರೂ ಸಾಕು, ಆ ರಾತ್ರಿ ನನಗೆ ನಿದ್ದೆ ಬರುವುದಿಲ್ಲ.